ಕೆಂಪು ಲಂಗದ ಗುರುತು: ಐರ್ಲೆಂಡಿನ ಹೆಂಗಸರು, ಲಂಡನ್ನಿನ ಅಪರಿಚಿತ ಮನೆಗಳು

ಊರಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ದೊಡ್ಡಾಸ್ಪತ್ರೆಗೆ ಹೊರಟಾಗ ಮೊದಲು ಬರುವ ಪ್ರಶ್ನೆ ಡಾಕ್ಟರ್ ಯಾರು ಅಂತ ಅಲ್ಲ, ಅಲ್ಲಿ ನಮ್ಮವರು ಯಾರಿದ್ದಾರೆ ಅಂತ. ಚಿಕ್ಕಮ್ಮನ ಮಗ ಇದ್ದಾನೆ, ಬೀಗರ ಕಡೆಯವರೊಬ್ಬರಿದ್ದಾರೆ, ಅದೂ ಇಲ್ಲದಿದ್ದರೆ ಊರಿನ ಹುಡುಗ ಯಾವನೋ ರೂಮು ಮಾಡಿಕೊಂಡಿದ್ದಾನೆ. ಚಾಪೆ ಹಾಸಲು ಜಾಗ, ಬೆಳಿಗ್ಗೆ ಒಂದು ಲೋಟ ಕಾಫಿ, ಆಸ್ಪತ್ರೆಗೆ ಯಾವ ಬಸ್ಸು ಅಂತ ಹೇಳುವವರು. ಇಷ್ಟು ಸಿಕ್ಕರೆ ಅರ್ಧ ಭಾರ ಇಳಿದಂತೆ.

ಒಂದೇ ಒಂದು ಕೆಲಸಕ್ಕೆ ಹೊರಟಾಗ ಮಾತ್ರ ಈ ಲೆಕ್ಕ ತಿರುಗುಮುರುಗಾಗುತ್ತದೆ. ಗರ್ಭ ತೆಗೆಸಲು ಹೊರಟವಳಿಗೆ ನೆಂಟರಿರುವ ಊರೇ ಭಯದ ಊರು. ಯಾಕೆ ಬಂದೆ, ಏನಾಗಿದೆ, ಮುಖ ಯಾಕೆ ಬಾಡಿದೆ, ಅಮ್ಮನಿಗೆ ಫೋನ್ ಮಾಡಿದೆಯಾ. ಪ್ರೀತಿಯಿಂದಲೇ ಕೇಳುತ್ತಾರೆ, ಅಲ್ವಾ? ಕಷ್ಟ ಇರುವುದೇ ಅಲ್ಲಿ.

ನಾನು ಬರೆಯಲು ಹೊರಟಿರುವ ಪ್ರಕರಣ ನಮ್ಮ ಊರಿನದಲ್ಲ, ಐರ್ಲೆಂಡಿನದು. ಅಲ್ಲಿಯ ಹೆಂಗಸರು ದಶಕಗಟ್ಟಲೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿ ಗರ್ಭಪಾತ ಮಾಡಿಸಿಕೊಂಡರು. ಅವರಲ್ಲಿ ಒಂದಷ್ಟು ಜನರನ್ನು ಲಂಡನ್ನಿನಲ್ಲಿ ಮುಖಪರಿಚಯವೇ ಇಲ್ಲದವರು ತಮ್ಮ ಮನೆಗೆ ಕರೆದುಕೊಂಡು ಹೋಗಿ, ಊಟ ಹಾಕಿ, ಮಲಗಲು ಜಾಗ ಕೊಟ್ಟು, ಕ್ಲಿನಿಕ್ಕಿಗೆ ಜೊತೆಯಾಗಿ, ವಾಪಸ್ ರೈಲು ಹತ್ತಿಸಿದರು. ನನಗೆ ಇದರ ಬಗ್ಗೆ ಓದುವ ಹುಚ್ಚು ಹತ್ತಿದ್ದು ಬೆಳಗಾವಿಯ ಸವಿತಾ ಹಾಲಪ್ಪನವರ್ ಕಾರಣದಿಂದ. ಆದರೆ ಅವರು ಈ ಮನೆಗಳಲ್ಲಿ ಉಳಿದವರಲ್ಲ. ಅವುಗಳ ಬಾಗಿಲ ತನಕ ಬರಲು ಆಗದೇ ಹೋದವರು. ಅದಕ್ಕೇ ಅವರ ವಿಷಯ ಆಮೇಲೆ.

ದಡದಲ್ಲಿ ನಿಂತ ಕಾನೂನು

ಮೂಲ ಕಾನೂನು 1861ರದ್ದು, ಬ್ರಿಟಿಷರು ಮಾಡಿದ್ದು. ಗರ್ಭಪಾತ ಅಪರಾಧ, ಅಷ್ಟೇ. ಐರ್ಲೆಂಡ್ ಸ್ವತಂತ್ರವಾದ ಮೇಲೂ ಈ ಕಾನೂನನ್ನು ಹಾಗೇ ಇಟ್ಟುಕೊಂಡಿತು. ಅದನ್ನು ಬರೆದ ಬ್ರಿಟನ್ ಮಾತ್ರ 1967ರಲ್ಲಿ ಸಡಿಲ ಮಾಡಿತು. ಇಬ್ಬರು ಡಾಕ್ಟರು ಸಹಿ ಹಾಕಿದರೆ ಕಾನೂನುಬದ್ಧ. 1968ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು, ಅದೇ ದ್ವೀಪದಲ್ಲಿ ಬ್ರಿಟನ್ನಿನ ಕೈಯಲ್ಲೇ ಉಳಿದಿದ್ದ ಉತ್ತರ ಐರ್ಲೆಂಡನ್ನು ಹೊರಗಿಟ್ಟು. ಹೀಗಾಗಿ ಇಡೀ ದ್ವೀಪದ ಹೆಂಗಸರಿಗೆ ಒಂದೇ ದಾರಿ ಉಳಿಯಿತು: ಡಬ್ಲಿನ್ ಹತ್ತಿರದ ಡನ್ ಲೀರಿಯಿಂದ ರಾತ್ರಿ ಹಡಗು, ವೇಲ್ಸ್‌ನ ಹೋಲಿಹೆಡ್ಡಿನಲ್ಲಿ ಇಳಿದು ರೈಲು, ಬೆಳಿಗ್ಗೆ ಲಂಡನ್ನಿನ ಯೂಸ್ಟನ್. ಅಥವಾ ಸೀದಾ ಲಿವರ್‌ಪೂಲ್. ಐರ್ಲೆಂಡಿನಲ್ಲಿ "ಅವಳು ಹಡಗು ಹತ್ತಿದಳು" ಅಂದರೆ ಬೇರೆ ವಿವರಣೆ ಬೇಕಿರಲಿಲ್ಲ.

1983ರ ಸೆಪ್ಟೆಂಬರಿನಲ್ಲಿ ಐರ್ಲೆಂಡ್ ಜನಮತ ತೆಗೆದುಕೊಂಡು ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿತು. ಹೊಟ್ಟೆಯಲ್ಲಿರುವ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು. ಸುಮಾರು ಶೇ. 67ರಷ್ಟು ಮತ ಅದರ ಪರ. ಅಲ್ಲಿಗೆ ನಿಲ್ಲಲಿಲ್ಲ. 1986ರಲ್ಲಿ ಹೈಕೋರ್ಟು, 1988ರಲ್ಲಿ ಸುಪ್ರೀಂ ಕೋರ್ಟು, ಇಂಗ್ಲೆಂಡಿನ ಕ್ಲಿನಿಕ್ಕುಗಳ ವಿಳಾಸ ಹುಡುಕಲು ನೆರವಾಗುವುದೂ ತಪ್ಪು ಅಂತ ಹೇಳಿಬಿಟ್ಟವು. ಮಾಡಿಸಿಕೊಳ್ಳುವುದಿರಲಿ, ಎಲ್ಲಿ ಮಾಡುತ್ತಾರೆ ಅಂತ ಹೇಳುವಂತಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಐರ್ಲೆಂಡಿಗೆ ಬರುವಾಗ ಕ್ಲಿನಿಕ್ಕಿನ ಜಾಹೀರಾತು ಇದ್ದ ಜಾಗ ಖಾಲಿ ಬಿಟ್ಟುಕೊಂಡು ಬರುತ್ತಿದ್ದವು. ಫೋನ್ ನಂಬರು ಉಳಿದಿದ್ದು ಒಂದೇ ಕಡೆ, ಹೆಂಗಸರ ಟಾಯ್ಲೆಟ್ಟಿನ ಬಾಗಿಲ ಹಿಂದೆ, ಪೆನ್ನಿನಲ್ಲಿ ಗೀಚಿ.

ಆ ನಂಬರುಗಳಲ್ಲಿ ಒಂದು ಲಂಡನ್ನಿನದು.

ಕೆಂಪು ಲಂಗ, ಇಮೆಲ್ಡಾ

1980ರಲ್ಲಿ, ಅಂದರೆ ತಿದ್ದುಪಡಿಗೂ ಮೂರು ವರ್ಷ ಮೊದಲು, ಲಂಡನ್ನಿನಲ್ಲಿ ನೆಲೆಸಿದ್ದ ಕೆಲವು ಐರಿಷ್ ಹೆಂಗಸರು ಒಂದು ಗುಂಪು ಕಟ್ಟಿಕೊಂಡರು. ಹೆಸರು ಐರಿಷ್ ವಿಮೆನ್ಸ್ ಅಬಾರ್ಷನ್ ಸಪೋರ್ಟ್ ಗ್ರೂಪ್. ಆಗ ಸ್ಪೇನ್‌ನಿಂದಲೂ ಹೆಂಗಸರು ಇದೇ ಕೆಲಸಕ್ಕೆ ಲಂಡನ್ನಿಗೆ ಬರುತ್ತಿದ್ದರು. ಅವರಿಗಾಗಿ ಸ್ಪ್ಯಾನಿಷ್ ಹೆಂಗಸರದ್ದೇ ಇನ್ನೊಂದು ಗುಂಪಿತ್ತು. ಎರಡೂ ಒಂದಕ್ಕೊಂದು ಆಸರೆಯಾಗಿ ಕೆಲಸ ಮಾಡಿದವು. ಐರಿಷ್ ಗುಂಪು 20 ವರ್ಷ ನಡೆಯಿತು. ಸಂಬಳ ಇಲ್ಲ, ಸರ್ಕಾರದ ದುಡ್ಡಿಲ್ಲ. ಹಗಲು ತಂತಮ್ಮ ನೌಕರಿ, ಸಂಜೆ ಫೋನು, ಬಂದವರಿದ್ದರೆ ರಾತ್ರಿ ಮನೆಯಲ್ಲಿ ಅತಿಥಿ.

ಗುರುತು ಹಿಡಿಯುವುದು ಹೇಗೆ? ಮೊಬೈಲ್ ಇಲ್ಲದ ಕಾಲ. ಬರುವವಳಿಗೆ ಲಂಡನ್ ಹೊಸದು, ಹಲವರಿಗೆ ದೇಶ ಬಿಟ್ಟು ಹೊರಗೆ ಬಂದಿದ್ದೇ ಮೊದಲ ಸಲ. ಅದಕ್ಕೆ ಕರೆದುಕೊಳ್ಳಲು ಹೋಗುವವಳು ಕೆಂಪು ಲಂಗ ಹಾಕಿಕೊಂಡು ನಿಲ್ಲುತ್ತಿದ್ದಳು. ಕೆಂಪು ಲಂಗದವಳ ಹತ್ತಿರ ಹೋಗು, ಅಷ್ಟೇ ಸೂಚನೆ. ಫೋನಿನಲ್ಲಿ ಗರ್ಭಪಾತ ಎಂಬ ಮಾತೇ ಬರಬಾರದು, ಮನೆಯ ಫೋನು ಹಾಲ್‌ನಲ್ಲಿರುತ್ತದೆ, ಅಪ್ಪ ಪೇಪರ್ ಓದುತ್ತಾ ಅಲ್ಲೇ ಕೂತಿರುತ್ತಾನೆ. ಅದಕ್ಕೂ ಒಂದು ಗುಟ್ಟಿನ ಹೆಸರು ಇಟ್ಟುಕೊಂಡಿದ್ದರು, ಇಮೆಲ್ಡಾ. ಐರ್ಲೆಂಡಿನ ಕ್ಯಾಥಲಿಕ್ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರು. ಇಮೆಲ್ಡಾ ವಿಷಯ ಮಾತಾಡಬೇಕಿತ್ತು ಅಂದರೆ ಈ ಕಡೆಯವರಿಗೆ ತಿಳಿಯುತ್ತಿತ್ತು. ಕೇಳಿಸಿಕೊಂಡ ಅಪ್ಪನಿಗೆ ಯಾರೋ ಗೆಳತಿ.

ಒಂದು ರಾತ್ರಿಯ ಕೆಲಸ ಏನೇನು ಅಂತ ನೋಡೋಣ. ಒಬ್ಬಳು ಬರುತ್ತಾಳೆ ಅಂತಿಟ್ಟುಕೊಳ್ಳಿ. ರಾತ್ರಿಯಿಡೀ ಹಡಗಿನ ಕುರ್ಚಿಯಲ್ಲಿ ಕೂತು, ಮೊದಲೇ ಬಸಿರಿನ ವಾಕರಿಕೆ, ಅದರ ಮೇಲೆ ಅಲೆಯ ಹೊಡೆತ. ಮನೆಯಲ್ಲಿ ಹೇಳಿದ್ದು ಲಂಡನ್ನಿನಲ್ಲಿ ಗೆಳತಿಯ ಮನೆಗೆ, ಇಲ್ಲವೇ ಶಾಪಿಂಗಿಗೆ ಅಂತ. ಹಾಗಾಗಿ ವಾಪಸ್ ಹೋಗುವಾಗ ಕೈಯಲ್ಲಿ ಏನಾದರೂ ಸಾಮಾನು ಇರಲೇಬೇಕು, ಆ ಖರ್ಚು ಬೇರೆ. ಕ್ಲಿನಿಕ್ಕಿನಲ್ಲಿ ಮೊದಲು ತಪಾಸಣೆ, ಇಬ್ಬರು ಡಾಕ್ಟರ ಸಹಿ, ಆಮೇಲೆ ಮರುದಿನಕ್ಕೋ ಸಂಜೆಗೋ ಸಮಯ. ನಡುವೆ ಒಂದು ರಾತ್ರಿ ಬಂದೇ ಬರುತ್ತದೆ. ವಾರಗಳು ತುಂಬಾ ಮುಂದೆ ಹೋಗಿದ್ದರೆ ಎರಡು ದಿನದ ಕೆಲಸ. ಅರಿವಳಿಕೆ ಕೊಟ್ಟಿದ್ದರೆ ಒಬ್ಬಳನ್ನೇ ರಸ್ತೆಗೆ ಬಿಡುವಂತಿಲ್ಲ. ಲಂಡನ್ನಿನ ಹೋಟೆಲ್ ರೂಮಿನ ಬಾಡಿಗೆ ಇವಳ ಹತ್ತಿರ ಇಲ್ಲ. ಇದ್ದರೂ ಹೊಟ್ಟೆ ಕಿವುಚುವಾಗ ಹೋಟೆಲ್ ರೂಮಿನಲ್ಲಿ ಒಬ್ಬಳೇ ಮಲಗಿರುವುದು ಬೇರೆ, ಗೋಡೆಯಾಚೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಾ ಮಲಗಿರುವುದು ಬೇರೆ.

ಹೀಗೆ ಬಂದವಳಿಗೆ ಮನೆಯವರು ಮಾಡುವುದು ದೊಡ್ಡದೇನಲ್ಲ. ಚಹಾ, ಟೋಸ್ಟು, ಬಿಸಿನೀರಿನ ಬ್ಯಾಗು, ಹೆಚ್ಚುವರಿ ಪ್ಯಾಡು, ಬಚ್ಚಲು ಎಲ್ಲಿದೆ ಅಂತ ತೋರಿಸುವುದು. ಮಾತಾಡಬೇಕೆಂದರೆ ಕೂರುವುದು, ಬೇಡವೆಂದರೆ ಟೀವಿ ಹಾಕಿ ಸುಮ್ನೆ ಇರುವುದು. ಕಾರಣ ಕೇಳುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತಿ ಕಷ್ಟದ ನಿಯಮ ಇದೇ ಅಂತ ನನಗೆ ಅನಿಸುತ್ತದೆ. ಮನೆಗೆ ಬಂದವರನ್ನು ವಿಚಾರಿಸದೇ ಇರುವುದು ನಮ್ಮಲ್ಲಿ ಮರ್ಯಾದೆಗೇಡು. ಇಲ್ಲಿ ವಿಚಾರಿಸುವುದೇ ತಪ್ಪು.

ಇನ್ನೊಂದು ಮಾತು. ಬಂದವರೆಲ್ಲ ಹಕ್ಕು, ಸ್ವಾತಂತ್ರ್ಯ ಅಂತ ಮಾತಾಡುವವರೇನಲ್ಲ. ಗರ್ಭಪಾತ ಪಾಪ ಎನ್ನುವ ಚರ್ಚಿಗೆ ಭಾನುವಾರ ತಪ್ಪದೆ ಹೋಗುವವರೂ ಬರುತ್ತಿದ್ದರು, ನನ್ನ ಸಂಗತಿ ಬೇರೆ ಅಂತ ಅಂದುಕೊಂಡೇ. ಅಂಥವರಿಗೂ ಅದೇ ಚಹಾ, ಅದೇ ಹಾಸಿಗೆ. ಚಳವಳಿ ಮಾಡುವವರಿಗೆ ಇದು ಸುಲಭವಲ್ಲ. ಎದುರಿಗೆ ಕೂತವಳನ್ನು ನಮ್ಮ ಕಡೆ ಎಳೆದುಕೊಳ್ಳಬೇಕು ಅಂತ ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಬೇಕು.

ನೆಂಟರಿದ್ದೂ ಇಲ್ಲದ ಊರು

ಲಂಡನ್ನಿನಲ್ಲಿ ಐರಿಷ್ ಜನ ಕಡಿಮೆ ಇರಲಿಲ್ಲ. ಕಿಲ್ಬರ್ನ್, ಕ್ರಿಕಲ್‌ವುಡ್ ಅಂದರೆ ಐರಿಷರ ಕೇರಿಗಳೇ. ಕಟ್ಟಡ ಕೆಲಸಕ್ಕೆ ಬಂದ ಮಾವ, ನರ್ಸ್ ಆದ ಅತ್ತೆ, ಪಕ್ಕದ ಹಳ್ಳಿಯ ಪಾದ್ರಿ. ಇಂಥವರು ಯಾರೂ ಇಲ್ಲದ ಐರಿಷ್ ಕುಟುಂಬ ಸಿಗುವುದು ಕಷ್ಟ. ಅಂದರೆ ಹಡಗಿಳಿದ ಹುಡುಗಿಗೆ ಉಳಿಯಲು ಮನೆ ಇಲ್ಲ ಅಂತಲ್ಲ. ಮನೆಗಳು ಬೇಕಾದಷ್ಟಿವೆ, ಯಾವುದಕ್ಕೂ ಹೋಗುವಂತಿಲ್ಲ. ಅತ್ತೆಯ ಮನೆಗೆ ಹೋದರೆ ಸುದ್ದಿ ಅವಳಿಗಿಂತ ಮೊದಲು ಊರು ಮುಟ್ಟುತ್ತದೆ.

ಸ್ವಯಂಸೇವಕರನ್ನು ಹೊಗಳುವವರು ಅವರ ಪ್ರೀತಿ, ಅಂತಃಕರಣ ಅಂತ ಹೇಳುತ್ತಾರೆ. ಇದ್ದಿರಬಹುದು. ಆದರೆ ನನ್ನ ಪ್ರಕಾರ ಅವರ ಬಂಡವಾಳ ಬೇರೆ. ಅವರು ಯಾರಿಗೂ ಏನೂ ಆಗಬೇಕಾದವರಲ್ಲ. ಮುಂದಿನ ಮದುವೆಯಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ರೈಲು ಹೊರಟರೆ ಸಂಬಂಧ ಮುಗಿಯಿತು. ಅಕ್ಕ ತಂಗಿಗೂ ಹೇಳಲಾಗದ್ದನ್ನು ಈ ಅಪರಿಚಿತಳ ಅಡುಗೆಮನೆಯಲ್ಲಿ ಹೇಳಿ, ಅತ್ತು, ಮುಖ ತೊಳೆದುಕೊಂಡು ಹೋಗಬಹುದಿತ್ತು. ಮಾತು ಬೇರೆ ದೇಶದ್ದಾಗಿದ್ದರೆ ಅದೂ ಆಗುತ್ತಿರಲಿಲ್ಲ. ಐರಿಷ್ ಉಚ್ಚಾರಣೆಯ ಅಪರಿಚಿತಳು. ಊರಿನವಳೇ, ಆದರೆ ಊರಿಗೆ ಸೇರದವಳು. ಆ ಗುಂಪು ಐರಿಷ್ ಹೆಂಗಸರದ್ದೇ ಆಗಿದ್ದರ ಲಾಭ ಇದು.

1992ರ ಹೊತ್ತಿಗೆ ವಿಷಯ ಬೀದಿಗೆ ಬಂತು. ಅತ್ಯಾಚಾರದಿಂದ ಬಸಿರಾಗಿದ್ದ 14 ವರ್ಷದ ಹುಡುಗಿಯನ್ನು ಅಪ್ಪ ಅಮ್ಮ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿದ್ದರು. ಆರೋಪಿಯ ವಿರುದ್ಧ ಸಾಕ್ಷಿಗೆ ಭ್ರೂಣದ ಅಂಶ ಬೇಕಾಗುತ್ತದಾ ಅಂತ ಪೊಲೀಸರನ್ನು ಕೇಳಿದ್ದೇ ತಪ್ಪಾಯಿತು. ಸರ್ಕಾರದ ವಕೀಲರು ಕೋರ್ಟಿನಿಂದ ತಡೆಯಾಜ್ಞೆ ತಂದರು, ಕುಟುಂಬ ಗರ್ಭಪಾತ ಮಾಡಿಸದೇ ವಾಪಸ್ ಬಂತು. ದೇಶವೇ ಕೆರಳಿತು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತಡೆ ತೆಗೆಯಿತು. ಅದೇ ನವೆಂಬರಿನಲ್ಲಿ ಜನ ಮತ ಹಾಕಿ, ಪ್ರಯಾಣ ಮಾಡುವುದಕ್ಕೂ ಹೊರದೇಶದ ಸೇವೆಯ ಮಾಹಿತಿ ಪಡೆಯುವುದಕ್ಕೂ ಅಡ್ಡಿ ಇಲ್ಲ ಅಂತ ಸಂವಿಧಾನದಲ್ಲೇ ಬರೆಸಿದರು. ಇದನ್ನು ಇನ್ನೊಂದು ಸಲ ಓದಿ. ಇಲ್ಲಿ ಮಾಡಿದರೆ ಅಪರಾಧ, ಅಲ್ಲಿ ಹೋಗಿ ಮಾಡಿಸಿಕೊಳ್ಳಲು ಸಂವಿಧಾನದ ಅಭಯ. ದೇಶ ತನ್ನ ಸಮಸ್ಯೆಯನ್ನು ಪಕ್ಕದ ದೇಶದವರ ಹಾಲ್‌ನಲ್ಲಿರುವ ಸೋಫಾ ಮೇಲೆ ಮಲಗಿಸಿ ಬಂತು.

ದುಡ್ಡಿನ ಲೆಕ್ಕ

2000ದಲ್ಲಿ ಲಂಡನ್ನಿನ ಗುಂಪು ಕೆಲಸ ನಿಲ್ಲಿಸಿತು. ಮಾಹಿತಿ ಕೊಡುವುದು 1995ರಲ್ಲೇ ಕಾನೂನುಬದ್ಧವಾಗಿತ್ತು, ಅಗ್ಗದ ವಿಮಾನಗಳು ಶುರುವಾಗಿದ್ದವು. ಆದರೆ ಹೋಗುವವರ ಸಂಖ್ಯೆ ಅತಿ ಹೆಚ್ಚಾಗಿದ್ದು ಮರುವರ್ಷ. 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಿನಿಕ್ಕುಗಳಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟವರು 6,673 ಜನ. ದಿನಕ್ಕೆ 18. ಲಂಡನ್ನಿನ ಗೆಳತಿಯ ವಿಳಾಸ ಬರೆಸಿದವರು ಈ ಲೆಕ್ಕದಲ್ಲಿ ಇಲ್ಲ. 1980ರಿಂದ 2018ರ ತನಕ ಸೇರಿಸಿದರೆ 1 ಲಕ್ಷ 70 ಸಾವಿರಕ್ಕೂ ಜಾಸ್ತಿ.

ಇವರಲ್ಲಿ ಹೆಚ್ಚಿನವರು ತಮ್ಮ ದುಡ್ಡಿನಲ್ಲೇ ಹೋದರು. ಕೈಲಾದವರಿಗೆ ಬೆಳಗಿನ ಮೊದಲ ವಿಮಾನ, ರಾತ್ರಿಯ ಕೊನೆಯ ವಿಮಾನ, ಮರುದಿನ ಆಫೀಸು. ಕೈಲಾಗದವರ ಪಾಡು ಎದ್ದು ಕಂಡಿದ್ದು 2008ರ ನಂತರ, ಐರ್ಲೆಂಡಿನ ಆರ್ಥಿಕತೆ ಮುಗ್ಗರಿಸಿದಾಗ. 2009ರ ಅಕ್ಟೋಬರಿನಲ್ಲಿ ಮಾರಾ ಕ್ಲಾರ್ಕ್ ಎಂಬಾಕೆ ಲಂಡನ್ನಿನಲ್ಲಿ ಅಬಾರ್ಷನ್ ಸಪೋರ್ಟ್ ನೆಟ್‌ವರ್ಕ್ ಶುರು ಮಾಡಿದರು. ಅವರು ಅಮೆರಿಕದವರು. ನ್ಯೂಯಾರ್ಕಿನಲ್ಲಿ ಹೇವನ್ ಕೊಅಲಿಷನ್ ಅಂತ ಒಂದು ಗುಂಪಿತ್ತು, ಎರಡು ದಿನದ ಚಿಕಿತ್ಸೆಗೆ ಬೇರೆ ರಾಜ್ಯಗಳಿಂದ ಬರುವ ಹೆಂಗಸರನ್ನು ತಮ್ಮ ಮನೆಗಳಲ್ಲಿ ಉಳಿಸಿಕೊಳ್ಳುವವರದ್ದು. ಅಲ್ಲಿ ಕೆಲಸ ಮಾಡಿ ಬಂದವರು ಮಾರಾ. ಹಿಂದಿನ ಐರಿಷ್ ಗುಂಪು ನಿಂತುಹೋದ ಜಾಗದಲ್ಲಿ ಇವರು ಮತ್ತೆ ಅದೇ ಮೂರನ್ನು ಕೊಡತೊಡಗಿದರು: ಮಾಹಿತಿ, ದುಡ್ಡು, ರಾತ್ರಿಗೆ ಒಂದು ಮನೆ.

ಇಲ್ಲಿ ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಉಳಿಯಲು ಜಾಗ ಕೊಡುವುದು ದಾನಧರ್ಮದ ಹಾಗೆ ಕಂಡರೂ ಅದು ನಿಜದಲ್ಲಿ ಲೆಕ್ಕಾಚಾರದ ವಿಷಯ. ಪ್ರಯಾಣ, ಕ್ಲಿನಿಕ್ ಸೇರಿ 400 ಪೌಂಡಿನಿಂದ 2000 ಪೌಂಡಿನ ತನಕ ಆಗುತ್ತಿತ್ತು. ವಾರ ಜಾಸ್ತಿಯಾದಷ್ಟೂ ಕ್ಲಿನಿಕ್ಕಿನ ಬಿಲ್ ಜಾಸ್ತಿ. ದುಡ್ಡಿಲ್ಲದವಳು ಏನು ಮಾಡುತ್ತಾಳೆ? ಸಂಬಳಕ್ಕೆ ಕಾಯುತ್ತಾಳೆ, ಗೆಳತಿಯ ಹತ್ತಿರ ಸಾಲ ಕೇಳುತ್ತಾಳೆ, ಏನೋ ಒಂದು ಮಾರುತ್ತಾಳೆ. ಅಷ್ಟರಲ್ಲಿ ಎರಡು ವಾರ ಕಳೆದು ಬಿಲ್ ಏರಿರುತ್ತದೆ, ಮತ್ತೆ ಕೊರತೆ, ಮತ್ತೆ ಓಡಾಟ. ಇನ್ನು ಮನೆಯಲ್ಲಿರುವ ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ವಿಮಾನಕ್ಕೆ ಫೋಟೊ ಇರುವ ಗುರುತಿನ ಚೀಟಿ ಬೇಕು, ಎರಡು ದಿನದ ಕೂಲಿ ಹೋಗುತ್ತದೆ. ಈ ಪಟ್ಟಿಯಲ್ಲಿ ಕ್ಲಿನಿಕ್ಕಿನ ಬಿಲ್ಲನ್ನು ಹೊರಗಿನವರು ಪೂರ್ತಿ ಕಡಿಮೆ ಮಾಡಲಾರರು, ಟಿಕೆಟ್ಟನ್ನೂ ಅಷ್ಟೇ. ಒಂದು ಸಾಲನ್ನು ಮಾತ್ರ ಸೊನ್ನೆ ಮಾಡಬಹುದು, ರಾತ್ರಿಯ ಬಾಡಿಗೆ. ಖಾಲಿ ಇರುವ ಕೋಣೆಗೆ ಖರ್ಚಿಲ್ಲ. ಆ ಉಳಿತಾಯದಿಂದ ಒಂದು ವಾರ ಮೊದಲೇ ಹೊರಡಲಾದರೆ ಬಿಲ್ಲೂ ಇಳಿಯುತ್ತದೆ. ಒಂದು ಹಾಸಿಗೆ ಎರಡು ಕಡೆ ಕೆಲಸ ಮಾಡುತ್ತದೆ.

ಬಾಗಿಲ ತನಕ ಬರಲಾಗದವರು

ಈಗ ಸವಿತಾ ವಿಷಯ. ಬೆಳಗಾವಿಯ ಹೆಣ್ಣುಮಗಳು, ಹಲ್ಲಿನ ಡಾಕ್ಟರು, ಗಂಡ ಪ್ರವೀಣ್ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಆಸ್ಪತ್ರೆಗೆ ಹೋದಾಗ 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಅಂತ ಡಾಕ್ಟರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಅಂತ ಕೇಳಿದರೆ, ಭ್ರೂಣದ ಎದೆಬಡಿತ ಇದೆ, ಆಗುವುದಿಲ್ಲ ಅಂದರು. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. 31 ವರ್ಷ. "ಇದು ಕ್ಯಾಥಲಿಕ್ ದೇಶ" ಅಂತ ತಾನು ಸವಿತಾಗೆ ಹೇಳಿದ್ದು ಹೌದು ಅಂತ ಅಲ್ಲಿಯ ಸೂಲಗಿತ್ತಿ ನರ್ಸ್ ಒಬ್ಬರು ಮರುವರ್ಷ ವಿಚಾರಣೆಯಲ್ಲಿ ಒಪ್ಪಿಕೊಂಡರು.

ಈ ಪ್ರಕರಣದಲ್ಲಿ ಅವರನ್ನು ಯಾಕೆ ತರುತ್ತಿದ್ದೇನೆ ಅಂದರೆ, ಹಡಗು ಹತ್ತಲು ಕಾಲಿನಲ್ಲಿ ಶಕ್ತಿ ಬೇಕು. ಆಸ್ಪತ್ರೆಯ ಮಂಚದ ಮೇಲೆ ಜ್ವರದಲ್ಲಿ ನಡುಗುವವಳಿಗೆ ಲಂಡನ್ನಿನಲ್ಲಿ ಎಷ್ಟು ಮನೆ ತೆರೆದಿದ್ದರೇನು? ಜೊತೆಗೆ ಇನ್ನೊಂದು ಸಂಗತಿ ನಮ್ಮವರು ಗಮನಿಸಬೇಕು. ಐರ್ಲೆಂಡಿನವರು ಇಂಗ್ಲೆಂಡಿಗೆ ಹೋಗಲು ವೀಸಾ ಬೇಡ. ಐರ್ಲೆಂಡಿನಲ್ಲಿ ಕೆಲಸ ಮಾಡುವ ಭಾರತದ ಪಾಸ್‌ಪೋರ್ಟಿನ ನರ್ಸಿಗೋ ಎಂಜಿನಿಯರಿಗೋ ಬೇಕು. ಅರ್ಜಿ, ಶುಲ್ಕ, ಬೆರಳಚ್ಚು, ಕಾಯುವುದು. ವಾರದ ಲೆಕ್ಕದಲ್ಲಿ ಓಡುತ್ತಿರುವವಳಿಗೆ ಆ ಕಾಯುವಿಕೆಯೇ ಗೋಡೆ. 2014ರಲ್ಲಿ ಆಶ್ರಯ ಕೇಳಿ ಐರ್ಲೆಂಡಿಗೆ ಬಂದ ಯುವತಿಯೊಬ್ಬಳು, ತನ್ನ ದೇಶದಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಬಸಿರಾದವಳು, ಕಾಗದಪತ್ರ ಇಲ್ಲದೆ ಹೇಗೋ ಹಡಗು ಹತ್ತಿ ಲಿವರ್‌ಪೂಲ್ ತಲುಪಿದಳು. ಅಲ್ಲಿ ಹಿಡಿದು ವಾಪಸ್ ಕಳಿಸಿದರು. ಕೊನೆಗೆ ಹೊಟ್ಟೆ ಕೊಯ್ದು ಮಗುವನ್ನು ಅವಧಿಗೆ ಮೊದಲೇ ತೆಗೆದರು. ಕೋರ್ಟಿನ ದಾಖಲೆಯಲ್ಲಿ ಅವಳ ಹೆಸರು ಒಂದೇ ಅಕ್ಷರ.

ಹೀಗೆ ನೋಡಿದರೆ ಮನೆ ಕೊಟ್ಟವರು ದೇಶದ ತಪ್ಪಿಗೆ ತೇಪೆ ಹಾಕಿದರು, ಅವರಿಂದಲೇ ಕಾನೂನು ಇಷ್ಟು ವರ್ಷ ಉಳಿಯಿತು ಅಂತ ವಾದ ಮಾಡಬಹುದು. ಅರ್ಧ ನಿಜ. ಹೊರಗೆ ಹೋಗುವ ದಾರಿ ಮುಚ್ಚಿದ್ದರೆ ಒಳಗಿನ ಒತ್ತಡಕ್ಕೆ ಬೇಗ ಒಡೆಯುತ್ತಿತ್ತೋ ಏನೋ. ಆದರೆ ಬರುವ ಗುರುವಾರ ಹಡಗು ಹತ್ತುವವಳಿಗೆ, ನೀನು ತಡಿ, ಒತ್ತಡ ಹೆಚ್ಚಲಿ ಅಂತ ಹೇಳುವವರು ಯಾರು? ನನಗಂತೂ ಆ ಧೈರ್ಯ ಇಲ್ಲ.

ಮತ್ತೆ ಆ ಮನೆಗಳವರು ಸುಮ್ಮನೆ ಕೂತವರೂ ಅಲ್ಲ. 2013ರಲ್ಲಿ, ಸವಿತಾ ಸಾವಿನ ನಂತರ, ಲಂಡನ್ನಿನಲ್ಲಿ ಸ್ಪೀಕಿಂಗ್ ಆಫ್ ಇಮೆಲ್ಡಾ ಎಂಬ ಹೊಸ ಗುಂಪು ಹುಟ್ಟಿತು. ಹಳೆಯ ಗುಟ್ಟಿನ ಹೆಸರನ್ನೇ ಬಹಿರಂಗ ಮಾಡಿ, ಕೆಂಪು ಬಟ್ಟೆ ತೊಟ್ಟು ಬೀದಿಗಿಳಿದರು. ಸ್ಟೇಷನ್ನಿನಲ್ಲಿ ಒಬ್ಬಳಿಗೆ ಮಾತ್ರ ಕಾಣಲಿ ಅಂತ ಹಾಕಿಕೊಂಡಿದ್ದ ಬಣ್ಣ ಈಗ ಎಲ್ಲರಿಗೂ ಕಾಣಬೇಕಿತ್ತು.

ಎಂಟನೇ ತಿದ್ದುಪಡಿ ತೆಗೆಯಬೇಕೇ ಅಂತ 2018ರ ಮೇ 25ರಂದು ನಡೆದ ಜನಮತಕ್ಕೆ ಜನ ಉಲ್ಟಾ ದಿಕ್ಕಿನಲ್ಲಿ ಹಡಗು ಹತ್ತಿದರು. ಲಂಡನ್ನಿನಿಂದ, ಇನ್ನೂ ದೂರದ ದೇಶಗಳಿಂದ ಮತ ಹಾಕಲು ಊರಿಗೆ ಬಂದರು. ಬೆಳಗಾವಿಯಿಂದ ಸವಿತಾ ಅವರ ತಂದೆ ತಾಯಿ ತಿದ್ದುಪಡಿ ತೆಗೆಯಿರಿ ಅಂತ ಮನವಿ ಮಾಡಿದ್ದರು. ಶೇ. 66.4 ಮತ ತೆಗೆಯುವ ಪರ ಬಿತ್ತು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬಿಡಿಸಿದ್ದ ಸವಿತಾ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಹೋದರು, ಹಲವುಗಳಲ್ಲಿ ಕ್ಷಮಿಸು ಅಂತ ಬರೆದಿತ್ತು.

ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಿಂದ ಇದೆ. ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಮದುವೆ ಆಗದವರಿಗೂ ಇದು ಸಮಾನ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಹುಡುಗಿಯರು ಬೇರೆ ಊರಿನ ಬಸ್ಸು ಹತ್ತುತ್ತಾರೆ, ಕಾನೂನಿಗೆ ಹೆದರಿ ಅಲ್ಲ, ಕಾಂಪೌಂಡರ್‌ಗೆ ಅಪ್ಪನ ಪರಿಚಯ ಇರಬಹುದು ಅಂತ. ಲಾಡ್ಜಿನವನು ಆಧಾರ್ ಕೇಳುತ್ತಾನೆ, ಜೊತೆಗೆ ಯಾರು ಅಂತಲೂ ಕೇಳುತ್ತಾನೆ.

ಐರ್ಲೆಂಡಿನಲ್ಲಿ 2019ರ ಜನವರಿ 1ರಿಂದ ಸೇವೆ ಶುರುವಾಯಿತು. 2018ರಲ್ಲಿ 2,879 ಜನ ಇಂಗ್ಲೆಂಡಿಗೆ ಹೋಗಿದ್ದರು, 2019ರಲ್ಲಿ 375. ಸೊನ್ನೆ ಆಗಲಿಲ್ಲ. 12 ವಾರ ದಾಟಿದರೆ ಐರ್ಲೆಂಡಿನಲ್ಲಿ ಕಾನೂನು ಒಪ್ಪುವ ಕಾರಣಗಳು ತೀರಾ ಕಡಿಮೆ, ಮೊದಲ ಭೇಟಿಯಾದ ಮೇಲೆ ಮೂರು ದಿನ ಕಾಯಬೇಕು ಎಂಬ ನಿಯಮ ಬೇರೆ. 11ನೇ ವಾರದ ಕೊನೆಗೆ ಬಂದವಳಿಗೆ ಆ ಮೂರು ದಿನವೇ ಮತ್ತೆ ವಿಮಾನ ಹತ್ತಿಸಬಹುದು. ಮಾರಾ ಶುರು ಮಾಡಿದ ಅಬಾರ್ಷನ್ ಸಪೋರ್ಟ್ ನೆಟ್‌ವರ್ಕ್ ಬಾಗಿಲು ಮುಚ್ಚಲಿಲ್ಲ. ಗರ್ಭಪಾತಕ್ಕೆ ಕಟ್ಟುನಿಟ್ಟಿನ ತಡೆ ಇದ್ದ ಮಾಲ್ಟಾ, ಜಿಬ್ರಾಲ್ಟರ್‌ನಿಂದ ಕರೆಗಳು ಬರತೊಡಗಿದವು. 2019ರ ಡಿಸೆಂಬರಿನಲ್ಲಿ ಬೇರೆ ದೇಶಗಳ ಗುಂಪುಗಳ ಜೊತೆ ಸೇರಿ ಪೋಲೆಂಡಿನವರಿಗಾಗಿ ಒಂದು ಕೂಟ ಕಟ್ಟಿದರು. ಹತ್ತು ತಿಂಗಳಲ್ಲಿ ಪೋಲೆಂಡಿನ ಕೋರ್ಟು, ಭ್ರೂಣಕ್ಕೆ ತೀವ್ರ ತೊಂದರೆ ಇದ್ದರೂ ತೆಗೆಸುವಂತಿಲ್ಲ ಅಂದಿತು. ಆ ಕೂಟದ ಸಹಾಯವಾಣಿಗೆ ಪೋಲೆಂಡಿನಿಂದ ಫೋನ್ ಮಾಡಿದರೆ ಈಗ ಆ ಕಡೆಯಿಂದ ಕೇಳುವುದು ಪೋಲಿಷ್ ದನಿ.